ಗುಡ್ಡಮ್ಮ ನುಂಗಿದ್ದು

ಸೊರಬದ ಹೊಸಬಾಳೆಯಿಂದ ಅಂಜನಾಪುರದ ಕಡೆಗೆ ಮದುವೆಯಾಗಿ ಬಂದ ಮೊದಲ ವಾರವೇ ಗುಡ್ಡಮ್ಮನಿಗೂ ಅವಳ ಗಂಡನ ಅಕ್ಕ ರಾಜೇಶ್ವರಮ್ಮನಿಗೂ ಜಗಳ ಹತ್ತಿತು. ಕುರಿಹಟ್ಟಿಯ ಕಸ ಹೊಡೆ ಎಂದಾಗ ಹೊಸ ಸೊಸೆ "ಎಂತಕ್ಕೆ?" ಎಂದು ಕೇಳಿದ್ದಳು. ಅವಳ ಊರಿನಲ್ಲಿ ಅದು ಸಾಮಾನ್ಯ ಮಾತು. ರಾಜೇಶ್ವರಮ್ಮ ಆ "ಎಂತಕ್ಕೆ"ಯನ್ನು ಮೂಗಿನಲ್ಲಿ ಎಳೆದೆಳೆದು ಓಣಿಯ ಹೆಂಗಸರ ಮುಂದೆ ಅಣಕಿಸಿ ತೋರಿಸಿದಳು. ಗುಡ್ಡಮ್ಮ ಅಲ್ಲೇ ಎಲ್ಲರೆದುರಿಗೆ, ಗಂಡನ ಮನೆಯಲ್ಲಿ ಬಾಳಲಾರದೆ ತವರಿಗೆ ಬಂದು ಕೂತವಳಿಗೆ ಇಷ್ಟು ಬಾಯಿ ಯಾಕೆ ಎಂದು ಕೇಳಿಬಿಟ್ಟಳು. ರಾಜೇಶ್ವರಮ್ಮ ಅದನ್ನು ಮರೆಯಲಿಲ್ಲ. ಗುಡ್ಡಮ್ಮನೂ ಮರೆಯಲು ಬಿಡಲಿಲ್ಲ.

ಮನೆ ಎರಡು ಪಾಲಾಗಿತ್ತು. ನಡುವೆ ಒಂದೇ ಅಂಗಳ. ಈಚೆ ಗುಡ್ಡಮ್ಮನ ಸಂಸಾರ, ಆಚೆ ಒಂದು ಕೋಣೆ, ಒಂದು ಒಲೆ ಇಟ್ಟುಕೊಂಡು ರಾಜೇಶ್ವರಮ್ಮ. ಉಪ್ಪು ತೀರಿದರೆ ಗುಡ್ಡಮ್ಮ ಓಣಿಯ ಕೊನೆಯ ಮನೆಗೆ ಹೋಗುತ್ತಿದ್ದಳೇ ಹೊರತು ಎದುರಿನ ಬಾಗಿಲು ತಟ್ಟುತ್ತಿರಲಿಲ್ಲ. ಒಬ್ಬಳ ಕೈಯಿಂದ ಇನ್ನೊಬ್ಬಳು ಒಂದು ಎಲೆ ಅಡಿಕೆಯನ್ನೂ ತೆಗೆದುಕೊಂಡಿದ್ದಿಲ್ಲ. ಮಕ್ಕಳು ಹುಟ್ಟಿದರು, ದೊಡ್ಡವರಾದರು, ಮಗ ನಾಗರಾಜನ ಮದುವೆಯಾಗಿ ಸುಷ್ಮಿತಾ ಎಂಬ ಸೊಸೆ ಬಂದಳು. ಜಗಳ ಮಾತ್ರ ಇದ್ದಲ್ಲೇ ಇತ್ತು.

ಗುಡ್ಡಮ್ಮನ ಬಾಯಿ ಎಂದರೆ ಓಣಿಗೆ ಹೆದರಿಕೆ. ಗಂಡ ಹುಚ್ಚರಾಯಪ್ಪ ಕುರಿ ಕಾಯುವುದಕ್ಕೆ ಮಾತ್ರ, ಮಾರುವವಳು ಇವಳು. ಶಿಕಾರಿಪುರದಿಂದ ಬರುವ ವ್ಯಾಪಾರಿಗಳು ಮರಿಯ ಬೆನ್ನು ಹಿಚುಕಿ, "ಇದರಾಗ ಏನೈತಿ, ಬರೀ ಎಲುಬು" ಎಂದು ಶುರು ಮಾಡಿದರೆ, ಅವರ ತಾತನ ಕಾಲದ ಮೋಸವನ್ನೂ ಎತ್ತಿ ಆಡಿ ಓಡಿಸುತ್ತಿದ್ದಳು. ಎಡ ದವಡೆಯಲ್ಲಿ ಯಾವಾಗಲೂ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಿನ ಉಂಡೆ. ಮಲಗುವಾಗಲೂ ಅದು ಅಲ್ಲೇ ಇರುತ್ತಿತ್ತು.

ಆ ಉಂಡೆ ಇರುತ್ತಿದ್ದ ಕಡೆಯೇ ನಾಲಿಗೆಯ ಅಂಚಿನಲ್ಲಿ ಹುಣ್ಣಾಯಿತು. ಹಲ್ಲು ತಾಗಿದ್ದು ಎಂದಳು. ಹುಣ್ಣು ಗಟ್ಟಿಯಾಯಿತು, ಕಿವಿಯವರೆಗೆ ನೋವು ಎಳೆಯಿತು. ಖಾರ ತಿನ್ನಲಾಗದೆ ಬರೀ ಮಜ್ಜಿಗೆ ಅನ್ನಕ್ಕೆ ಬಂದಾಗ ನಾಗರಾಜ ಬೈದು ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದ. ನಾಲಿಗೆಯ ಕ್ಯಾನ್ಸರ್ ಎಂದರು. ಎಡಭಾಗ ತೆಗೆದು, ಮುಂಗೈಯಿಂದ ಮಾಂಸ ತಂದು ಹೊಲಿದರು. ಕುತ್ತಿಗೆಯ ಗಂಟುಗಳನ್ನೂ ತೆಗೆದರು. ಗಾಯ ಮಾಗಿದ ಮೇಲೆ ವಾರಗಟ್ಟಲೆ ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟರು. ಕುತ್ತಿಗೆಯ ಚರ್ಮ ಸುಟ್ಟ ಬದನೆಕಾಯಿಯಂತಾಯಿತು.

ಆಪರೇಷನ್‌ಗೆ ಮುಂಚೆ ಡಾಕ್ಟರು, ಮಾತು ಮೊದಲಿನ ಹಾಗೆ ಇರುವುದಿಲ್ಲ ಎಂದು ಹೇಳಿದ್ದರು. ನುಂಗುವುದು ಕಷ್ಟವಾಗಬಹುದು ಎಂದೂ ಹೇಳಿದ್ದರು. ಮನೆಯವರ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ. ನುಂಗುವುದು ಹೊಸದಾಗಿ ಕಲಿಯುವಂಥದು ಎಂದು ಯಾರಿಗೆ ತೋಚಬೇಕು?

ಆಪರೇಷನ್ ಮುಗಿದು ಕಣ್ಣು ಬಿಟ್ಟಾಗ ಗುಡ್ಡಮ್ಮನ ಮೂಗಿನಲ್ಲಿ ಪೈಪು ಇತ್ತು. ಗಂಜಿ, ಸೋಸಿದ ಬೇಳೆಕಟ್ಟು, ಮಾತ್ರೆಯ ಪುಡಿ, ಎಲ್ಲ ಸಿರಿಂಜಿನಲ್ಲಿ ಅದರ ಮೂಲಕ ನೇರ ಹೊಟ್ಟೆಗೆ. ಅವಳಿಗೆ ಹಸಿವು ಹೋಗುತ್ತಿತ್ತು, ಉಂಡ ಹಾಗಾಗುತ್ತಿರಲಿಲ್ಲ.

ನುಂಗುವುದನ್ನು ಕಲಿಸಲು ಬಂದವಳು ಮಧುಶ್ರೀ ಎಂಬ ಥೆರಪಿಸ್ಟ್. ಗುಡ್ಡಮ್ಮನಿಗೆ ಅವಳನ್ನು ಕಂಡ ಕೂಡಲೇ ಆಗಲಿಲ್ಲ.

"ನಾಲಿಗೆ ಮುಂದಕ್ಕೆ ಚಾಚಿ ಹಲ್ಲಲ್ಲಿ ಹಿಡ್ಕೊಳ್ಳಿ ಅಮ್ಮ. ಹಾಗೇ ಎಂಜಲು ನುಂಗಿ. ಗಟ್ಟಿಯಾಗಿ ನುಂಗಬೇಕು, ಗಂಟಲು ಮೇಲಕ್ಕೆ ಏಳಬೇಕು."

ಗುಡ್ಡಮ್ಮ ಏನೋ ಅಂದಳು. ಉಳಿದರ್ಧ ನಾಲಿಗೆಯಲ್ಲಿ ಅದು ಬರೀ ಗೊರಗೊರ ಸದ್ದಾಗಿ ಬಂತು. ಜೊತೆಗಿದ್ದ ಸುಷ್ಮಿತಾ ತಲೆ ತಗ್ಗಿಸಿದಳು. ಅವಳಿಗೆ ಅರ್ಥವಾಗಿತ್ತು: ನನಗೆ ನುಂಗೋದು ಹೇಳಿಕೊಡೋಕೆ ನೀನು ಯಾವಳೇ ಎಂದಿದ್ದಳು ಅತ್ತೆ, ಅದೂ ಇಷ್ಟು ಮರ್ಯಾದೆಯಿಂದಲ್ಲ.

ಮಧುಶ್ರೀ ನಗಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. "ನೀವು ಬೈತಿರೋದು ನನಗೆ ಅರ್ಥ ಆಗ್ತಿಲ್ಲಮ್ಮ. ನಾಲಿಗೆಯ ಹಿಂಭಾಗ ಏಳ್ತಾ ಇಲ್ಲ. 'ಕ' ಬರೋಲ್ಲ, 'ಗ' ಬರೋಲ್ಲ. ಜನಕ್ಕೆ ತಿಳಿಯೋ ಹಾಗೆ ಬೈಬೇಕು ಅಂದ್ರೂ ಮಾಡಬೇಕಾಗಿರೋದು ಇದೇ ವ್ಯಾಯಾಮ."

ಗುಡ್ಡಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಮಧುಶ್ರೀ ಉಳಿದದ್ದನ್ನು ಸುಷ್ಮಿತಾಳಿಗೆ ಹೇಳಿದಳು. ಗಂಟಲಲ್ಲಿ ಅನ್ನದ ದಾರಿ, ಉಸಿರಿನ ದಾರಿ ಎರಡೂ ಒಂದೇ ಕಡೆ ಕವಲೊಡೆಯುತ್ತವೆ. ನುಂಗುವಾಗ ಉಸಿರಿನ ಬಾಗಿಲು ತಾನಾಗಿ ಮುಚ್ಚಬೇಕು. ಇವರದು ನಿಧಾನವಾಗಿದೆ. ತೆಳ್ಳಗಿನ ನೀರು ಬಾಗಿಲು ಮುಚ್ಚುವುದರೊಳಗೆ ಓಡಿಹೋಗಿ ಪುಪ್ಪುಸಕ್ಕೆ ಇಳಿಯುತ್ತದೆ. ಗಟ್ಟಿ ಅಂಬಲಿಯಾದರೆ ನಿಧಾನ ಇಳಿಯುತ್ತದೆ, ಅದನ್ನು ಮುಂದೆ ನೋಡೋಣ. "ಈಗ ಬಾಯಿಂದ ಏನೂ ಬೇಡ. ನೀರಂತೂ ಬೇಡವೇ ಬೇಡ. ಬಾಯಿ ಒಣಗಿದರೆ ಬಟ್ಟೆ ಒದ್ದೆ ಮಾಡಿ ಒರೆಸಿ."

ಊರಿಗೆ ಬಂದ ಮೇಲೆ ಓಣಿಗೆ ಅರ್ಥವಾಗದೆ ಹೋದದ್ದು ಈ ಒಂದು ಮಾತು. ಅನ್ನ ಬೇಡ ಎಂದರೆ ಸರಿ. ನೀರು ಬೇಡ ಎಂದರೆ ಹೇಗೆ? ಮಾತಾಡಿಸಲು ಬಂದವರೆಲ್ಲ ಕೈಯಲ್ಲಿ ಎಳನೀರು, ಮೋಸಂಬಿ ಹಿಡಿದು ಬಂದರು. ಸುಷ್ಮಿತಾ ಬಾಯಿಗೆ ಕೊಡಬೇಡಿ ಎಂದಾಗ ಮುಖ ಮುಖ ನೋಡಿಕೊಂಡರು. ಅತ್ತೆ ಸೊಸೆಗೆ ಮೊದಲಿಂದಲೂ ಆಗುತ್ತಿರಲಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಸುಷ್ಮಿತಾ ಪ್ರೀತಿಯಿಂದೇನೂ ಮಾಡುತ್ತಿರಲಿಲ್ಲ. ತಾನು ಮಾಡಿದ ಸಾರನ್ನು ನೆಂಟರ ಮುಂದೆ ಅಂಗಳಕ್ಕೆ ಚೆಲ್ಲಿದ್ದ ಅತ್ತೆ ಇವಳು. ಆದರೂ ಸಿರಿಂಜು ಕುದಿಸಿ, ಗಂಜಿ ಸೋಸಿ, ಹಾಕಿದ ಮೇಲೆ ಪೈಪಿಗೆ ಬಿಸಿನೀರು ಬಿಟ್ಟು ತೊಳೆದು, ಅರ್ಧ ಗಂಟೆ ಒರಗಿಸಿ ಕೂರಿಸಿ, ಹೇಳಿದ್ದನ್ನೆಲ್ಲ ಮಾಡುತ್ತಿದ್ದಳು. ಅವಳ ಮುಖ ಮಾತ್ರ ಸಿಡುಕಾಗಿರುತ್ತಿತ್ತು.

"ನೀರೂ ಕೊಡವಲ್ಲಳು. ಒಣಗಿಸಿ ಒಣಗಿಸಿ ಸಾಯಿಸಾಕತ್ತಾಳ" ಎಂದು ರಾಜೇಶ್ವರಮ್ಮ ನಲ್ಲಿಯ ಹತ್ತಿರ ಹೇಳಿದ್ದು ಸಂಜೆಯೊಳಗೆ ಸುಷ್ಮಿತಾಳ ಕಿವಿಗೂ ಬಂತು.

ಬೇಸಿಗೆ. ಕರೆಂಟ್ ಕೊಟ್ಟ ಬಾಯಲ್ಲಿ ಎಂಜಲು ಊರುವುದಿಲ್ಲ. ಊರಿದ್ದು ಗೋಂದಿನ ಹಾಗೆ ಅಂಗುಳಕ್ಕೆ ಅಂಟುತ್ತದೆ. ಗುಡ್ಡಮ್ಮನಿಗೆ ಹಗಲೂ ರಾತ್ರಿಯೂ ನೀರಿನದೇ ಯೋಚನೆ. ಒಂದು ಮಧ್ಯಾಹ್ನ ಸುಷ್ಮಿತಾ ಚಾನಲ್ ಹತ್ತಿರ ಬಟ್ಟೆ ಒಗೆಯಲು ಹೋಗಿದ್ದಳು. ರಾಜೇಶ್ವರಮ್ಮ ಅಂಗಳ ದಾಟಿ ಬಂದಳು. ಕೈಯಲ್ಲಿ ಚೊಂಬು. ಅಷ್ಟು ವರ್ಷಗಳಲ್ಲಿ ಅವಳು ಆ ಹೊಸ್ತಿಲು ತುಳಿದದ್ದು ಸಾವು ಹುಟ್ಟಿಗೆ ಮಾತ್ರ.

"ಬೇಕೇನು?" ಎಂದಳು.

ಗುಡ್ಡಮ್ಮ ಅವಳ ಮುಖ ನೋಡಲಿಲ್ಲ. ಚೊಂಬು ನೋಡಿದಳು. ಕೈ ಚಾಚಿದಳು.

ಕೆಮ್ಮು ಬರಲಿಲ್ಲ. ನೆತ್ತಿಗೆ ಹತ್ತಲಿಲ್ಲ. ನೀರು ತಣ್ಣಗೆ ಇಳಿದು ಹೋಯಿತು. ರಾಜೇಶ್ವರಮ್ಮ ಖಾಲಿ ಚೊಂಬು ಹಿಡಿದು ಓಣಿಗೆ ಹೋದಳು. "ಡಾಕ್ಟ್ರು ಹೇಳಿದ್ದೆಲ್ಲ ಸುಳ್ಳು. ನಾನೇ ಕುಡಿಸಿ ಬಂದೀನಿ. ಗಟಗಟ ಕುಡಿದ್ಲು." ಮರುದಿನವೂ ಕುಡಿಸಿದಳು. ಅದು ಕನಿಕರವೋ, ಸೊಸೆಯ ಮೇಲೆ ಗೆಲ್ಲುವ ಹಟವೋ, ಬಾಯಿ ಸತ್ತ ಶತ್ರುವನ್ನು ತನ್ನ ಕೈಯ ಕೆಳಗೆ ನೋಡುವ ಆಸೆಯೋ, ಅವಳನ್ನೇ ಕೇಳಬೇಕು. ಕೇಳಿದರೂ ಅವಳು ಹೇಳುವವಳಲ್ಲ.

ಜ್ವರ ಬಂತು. ಎದೆ ಗೊರಗುಟ್ಟಿತು. ಉಸಿರಿಗೆ ಉಸಿರು ಸಿಗದೆ ಗುಡ್ಡಮ್ಮ ಮಂಚದ ಕಟ್ಟು ಹಿಡಿದು ಕುಳಿತಾಗ ಮತ್ತೆ ಶಿವಮೊಗ್ಗಕ್ಕೆ ಓಡಿದರು. ಪುಪ್ಪುಸಕ್ಕೆ ಸೋಂಕು ಎಂದರು. ವಾರ್ಡಿನ ಹೊರಗೆ ಹುಚ್ಚರಾಯಪ್ಪ ಸೊಸೆಯ ಮೇಲೆ ಬಿದ್ದ.

"ಏನ್ ಹಾಕಿದ್ದಿ ಪೈಪಿನಾಗ? ಹಳಸಿದ ಗಂಜಿ ಹಾಕ್ತಾಳ ಅಂತ ಅಕ್ಕ ಮೊದಲೇ ಹೇಳಿದ್ಲು."

ಸುಷ್ಮಿತಾ ಚೀಲದಿಂದ ಸಿರಿಂಜು ತೆಗೆದು ಮಾವನ ಅಂಗೈಗೆ ಬಡಿದಳು. "ನಾಳೆಯಿಂದ ನೀವೇ ಹಾಕ್ರಿ ಮಾವ. ಇಲ್ಲಾಂದ್ರ ನಿಮ್ಮಕ್ಕನ್ನ ಕರಸ್ರಿ. ನಾನು ತವರಿಗೆ ಹೊಂಟೆ."

ಹೋಗಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಕೂತು, ಅತ್ತು, ಬೈದುಕೊಂಡು ವಾಪಸು ಬಂದಳು. ಆಮೇಲೆ ಬಹಳ ದಿನ ಮಾವನ ಜೊತೆ ಮಾತು ಬಿಟ್ಟಳು.

ಜ್ವರ ಇಳಿದ ಮೇಲೆ ಮಧುಶ್ರೀ ಬಂದಳು. ಹುಚ್ಚರಾಯಪ್ಪನೂ ಅಲ್ಲೇ ನಿಂತಿದ್ದ. "ಬಾಯಿಂದ ಏನು ಕೊಟ್ರಿ?" ಎಂದು ಕೇಳಿದಳು.

"ನೀರು," ಎಂದಳು ಗುಡ್ಡಮ್ಮ. "ನಾನೇ ಕುಡಿದೆ."

"ಯಾರು ಕೊಟ್ರು?"

"ಯಾರೂ ಇಲ್ಲ. ಕೊಟ್ಟರೆ ಅವಳ ಕೈಯಿಂದ ಇಸ್ಕೊಂಡು ಕುಡಿಯೋಳಾ ನಾನು?"

ಮಾತು ಕಲಸಿ ಹೋಗಿದ್ದರೂ ಗಂಡನಿಗೆ ತಿಳಿಯಿತು. 'ಅವಳು' ಎಂದು ಗುಡ್ಡಮ್ಮ ಹಾಗೆ ಹೇಳುವುದು ಜಗತ್ತಿನಲ್ಲಿ ಒಬ್ಬಳನ್ನೇ. ಹುಚ್ಚರಾಯಪ್ಪ ಸೊಸೆಯ ಕಡೆ ನೋಡಲಾರದೆ ಹೊರಗೆ ಹೋದ. ಗುಡ್ಡಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳಿಗೆ ನಾಚಿಕೆಯಾದದ್ದು ಸಾಯಲು ಹೊರಟದ್ದಕ್ಕಲ್ಲ, ರಾಜೇಶ್ವರಮ್ಮನ ಮುಂದೆ ಕೈ ಚಾಚಿದ್ದಕ್ಕೆ.

ನುಂಗುವುದನ್ನು ಎಕ್ಸ್‌ರೇಯಲ್ಲಿ ನೋಡುವ ಪರೀಕ್ಷೆ ಮಾಡಿದರು. ಬಿಳಿಯ ಔಷಧದ ನೀರು ಒಂದು ಚಮಚ ಬಾಯಿಗೆ ಹಾಕಿ ನುಂಗು ಎಂದರು. ಆಮೇಲೆ ಮಧುಶ್ರೀ ಆ ಚಿತ್ರವನ್ನು ಗುಡ್ಡಮ್ಮನಿಗೇ ತೋರಿಸಿದಳು. ಆ ಔಷಧ ತೆರೆಯ ಮೇಲೆ ಕಪ್ಪು ಗೆರೆಯಾಗಿ ಇಳಿದು, ಒಂದು ಕಡೆ ಕವಲಾಗಿ ಉಸಿರಿನ ಕೊಳವೆಗೆ ಜಾರಿತ್ತು.

"ಕೆಮ್ಮು ಬಂದ್ರೆ ಒಳ್ಳೇದು ಅಮ್ಮ. ನಿಮಗೆ ಕೆಮ್ಮೇ ಬರ್ತಿಲ್ಲ. ನಿಮ್ಮ ಹಟ್ಟೀಲಿ ನಾಯಿ ಇರುತ್ತಲ್ಲ, ಅದು ತೋಳ ಬಂದ್ರೂ ಬೊಗಳದೆ ಮಲಗಿದೆ ಅಂತ ತಿಳ್ಕೊಳ್ಳಿ."

ಗುಡ್ಡಮ್ಮ ತೆರೆಯನ್ನು ದಿಟ್ಟಿಸಿ ನೋಡಿದಳು. ಆ ದಿನ ಬೈಯಲಿಲ್ಲ. ನಾಲಿಗೆ ಚಾಚಿ, ಹಲ್ಲಲ್ಲಿ ಕಚ್ಚಿ, ನುಂಗಿದಳು.

ಊರಿಗೆ ಮರಳಿದ ದಿನವೇ ಅವಳು ಗಂಡನನ್ನು ಕರೆದು ಎದುರಿನ ಬಾಗಿಲಿಗೆ ಬೆರಳು ತೋರಿಸಿ, ಬೆರಳನ್ನು ಅಡ್ಡಡ್ಡ ಆಡಿಸಿದಳು. ಹುಚ್ಚರಾಯಪ್ಪ ಹೋಗಿ ಅಕ್ಕನಿಗೆ ಅಂಗಳ ದಾಟಬೇಡ ಎಂದ.

"ಬಾಯಾರಿದೋಳಿಗೆ ನೀರು ಕೊಟ್ಟಿದ್ದು ತಪ್ಪೇನೋ?" ಎಂದಳು ರಾಜೇಶ್ವರಮ್ಮ. "ಅವಳು ನನ್ನ ಕೈ ಹಿಡಕೊಂಡು ಕುಡಿದ್ಲು. ಹಿಡಕೊಂಡ ಕೈ ನನಗೆ ಗೊತ್ತೈತಿ, ನಿನಗೇನ್ ಗೊತ್ತು?"

ಅವಳ ಮಾತೂ ಸುಳ್ಳಲ್ಲ. ಹುಚ್ಚರಾಯಪ್ಪ ಕುರಿಯ ಕಡೆ ಹೋದ.

ಅಂದಿನಿಂದ ಗುಡ್ಡಮ್ಮ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂರತೊಡಗಿದಳು. ಬಿಗಿದುಹೋದ ದವಡೆ ಬಿಡಿಸಲು ಐಸ್‌ಕ್ಯಾಂಡಿ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಸಿಕ್ಕಿಸಿ, ಕಣ್ಣಲ್ಲಿ ನೀರು ಬರುವವರೆಗೂ ಬಾಯಿ ತೆರೆದಿಡುತ್ತಿದ್ದಳು. ಆಮೇಲೆ ನಾಲಿಗೆ ಚಾಚಿ ಕಚ್ಚಿ ನುಂಗುವುದು. ಆಮೇಲೆ ಉಸಿರು ಬಿಗಿಹಿಡಿದು ನುಂಗಿ ಕೆಮ್ಮುವುದು. ಹೊಲಿದ ಮಾಂಸ ಬೇರೆ ಬಣ್ಣ. ಆ ನಾಲಿಗೆ ಹೊರಬಂದರೆ ನೋಡಿದವರು ಮುಖ ತಿರುಗಿಸುತ್ತಿದ್ದರು.

ವಾರ ಕಳೆಯುವುದರೊಳಗೆ ರಾಜೇಶ್ವರಮ್ಮ ತಮ್ಮನನ್ನು ತಡೆದು ನಿಲ್ಲಿಸಿದಳು. "ನಿನ್ನ ಹೆಂಡ್ತಿ ದಿನಾ ನನಗೆ ನಾಲಿಗೆ ಚಾಚಿ ಅಣಕಸ್ತಾಳ."

"ಆಸ್ಪತ್ರ್ಯಾಗ ಹೇಳಿಕೊಟ್ಟಿದ್ದು ಅಕ್ಕ ಅದು. ದಿನಾ ಮಾಡಬೇಕಂತ."

"ನನ್ನ ಬಾಗಿಲಿಗೆ ಮುಖ ಮಾಡಿ ಚಾಚಂತ ಹೇಳ್ಯಾರೇನು?"

ಹುಚ್ಚರಾಯಪ್ಪ ಕುರ್ಚಿಯನ್ನು ತಿರುಗಿಸಿಟ್ಟ. ಮರುದಿನ ಕುರ್ಚಿ ಮತ್ತೆ ಅದೇ ಕಡೆಗಿತ್ತು. ರಾಜೇಶ್ವರಮ್ಮ ಬಾಗಿಲು ಹಾಕಿಕೊಂಡರೆ ಗುಡ್ಡಮ್ಮ ಜೋರಾಗಿ ಕೆಮ್ಮುತ್ತಿದ್ದಳು, ತಾನಿಲ್ಲೇ ಇದ್ದೇನೆ ಎಂದು ತಿಳಿಯಲಿ ಎಂದು. ಮೈಯಲ್ಲಿ ಬಲವಿಲ್ಲದ ದಿನ, ಜ್ವರದ ಹಾಗೆ ಗಂಟಲು ಉರಿದ ದಿನ ಇವತ್ತು ಬೇಡ ಎಂದು ಮಲಗಿದವಳು, ಎದುರಿನ ಬಾಗಿಲು ಕಿರುಗುಟ್ಟಿದ್ದು ಕೇಳಿದರೆ ಎದ್ದು ಬರುತ್ತಿದ್ದಳು.

ಮಳೆಗಾಲ ಹಿಡಿಯುವ ಹೊತ್ತಿಗೆ ಮತ್ತೆ ಪರೀಕ್ಷೆ ಮಾಡಿ, ಗಟ್ಟಿ ಅಂಬಲಿ ಬಾಯಿಂದ ಕೊಡಬಹುದು ಎಂದರು. ಉಣ್ಣುವ ಮೊದಲು ಬಾಯಿ ಶುಚಿಯಾಗಿ ತೊಳೆಯಬೇಕು. ನೇರ ಕೂರಬೇಕು. ಅರ್ಧ ಚಮಚ ಹಾಕಿ, ಗದ್ದ ಎದೆಗೆ ತಾಗಿಸಿ, ಬಲವಾಗಿ ನುಂಗಬೇಕು. ಮತ್ತೊಮ್ಮೆ ಬರಿದೇ ನುಂಗಬೇಕು. ನಡುವೆ ಮಾತು ಕೂಡದು. ಮೊದಲ ಚಮಚ ಬಾಯಿಗಿಟ್ಟ ಗುಡ್ಡಮ್ಮ ಅದನ್ನು ಸುಷ್ಮಿತಾಳ ಮೇಲೆಯೇ ಉಗುಳಿದಳು. ರಾಗಿಯ ರುಚಿಯೇ ಇರಲಿಲ್ಲ; ಒದ್ದೆ ಮಣ್ಣಿನ ಹಾಗಿತ್ತು.

"ಉಗುಳ್ರಿ ಅತ್ತಿ, ಇನ್ನೂ ಉಗುಳ್ರಿ," ಎಂದಳು ಸುಷ್ಮಿತಾ, ಸೀರೆ ಒರೆಸಿಕೊಳ್ಳದೆ. "ಬಾಗಿಲು ತೆರೆದೀನಿ. ಅವರಿಗೂ ಕಾಣ್ಲಿ."

ಗುಡ್ಡಮ್ಮ ಸೊಸೆಯನ್ನು ಕೆಕ್ಕರಿಸಿ ನೋಡಿದಳು. ಎರಡನೇ ಚಮಚ ನುಂಗಿದಳು.

ಪೈಪು ಹೊರಬಂದದ್ದು ಇನ್ನೂ ಎಷ್ಟೋ ವಾರಗಳ ಮೇಲೆ. ಅಷ್ಟು ಹೊತ್ತಿಗೆ ಮಿಕ್ಸಿಯಲ್ಲಿ ರುಬ್ಬಿದ ಅನ್ನ ಬೇಳೆ, ಮೊಸರು, ಮೆತ್ತಗೆ ಕಲಸಿದ ಮೊಟ್ಟೆ ಇಳಿಯುತ್ತಿದ್ದವು. ರೊಟ್ಟಿ ಇಲ್ಲ, ಮಾಂಸ ಇಲ್ಲ. ಒಂದು ಬಟ್ಟಲು ಮುಗಿಸಲು ಒಂದು ಗಂಟೆ.

ಹೊಸಬಾಳೆಯಲ್ಲಿ ಅವಳ ಅಣ್ಣ ಧರ್ಮಪ್ಪ ಹೊಸ ಮನೆ ಕಟ್ಟಿ ಗೃಹಪ್ರವೇಶಕ್ಕೆ ಕರೆದ. ಬೀಗರ ಕಡೆಯವರೆಂದು ರಾಜೇಶ್ವರಮ್ಮನಿಗೂ ಕರೆ ಬಂತು. ಒಂದೇ ಟೆಂಪೋದಲ್ಲಿ ಇಬ್ಬರೂ ಹೋದರು, ಒಬ್ಬಳು ಮುಂದೆ, ಒಬ್ಬಳು ಹಿಂದೆ. ಗುಡ್ಡಮ್ಮ ಹೋಗುವುದು ಬೇಡ, ಹೋದರೂ ಒಳಗೆ ಕೋಣೆಯಲ್ಲಿ ಉಣ್ಣಲಿ ಎಂದು ಗಂಡ ಹೇಳಿ ನೋಡಿದ್ದ. ಅವಳು ಸೀದಾ ಹೋಗಿ ಪಂಕ್ತಿಯಲ್ಲಿ ಕುಳಿತಳು. ರಾಜೇಶ್ವರಮ್ಮ ಎದುರು ಸಾಲಿನಲ್ಲಿದ್ದಳು.

"ಕೆಮ್ಮಿ ಉಗುಳೋರನ್ನ ಪಂಕ್ತಿಯಾಗ ಯಾಕ ಕೂಡ್ಸೀರಿ?" ಎಂದಳು ರಾಜೇಶ್ವರಮ್ಮ, ಎಲ್ಲರಿಗೂ ಕೇಳುವಂತೆ. "ಉಣ್ಣೋರಿಗೆ ಅಸಹ್ಯ ಆಗಂಗಿಲ್ಲೇನು?"

ಬಡಿಸುತ್ತಿದ್ದವರ ಕೈ ನಿಂತಿತು. ಗುಡ್ಡಮ್ಮನ ಪಕ್ಕದ ಹೆಂಗಸು ತುಸು ಸರಿದು ಕುಳಿತಳು. ಧರ್ಮಪ್ಪ ಸಾರಿನ ಬಕೀಟು ಕೆಳಗಿಟ್ಟ. ಅವನಿಗೂ ತಂಗಿಯದೇ ಸಿಟ್ಟು.

"ಇದು ನನ್ನ ಮನೆ ರಾಜೇಶ್ವರಮ್ಮ. ನನ್ನ ತಂಗಿ ಎಲ್ಲಿ ಕೂರಬೇಕು ಅಂತ ನಾನು ಹೇಳದು. ಅವಳು ಉಂಡು ಏಳೋತನಕ ಪಂಕ್ತಿ ಏಳದಿಲ್ಲ. ಏಳೋರು ಈಗಲೇ ಎದ್ದು ಹೋಗಬಹುದು."

ಎಲೆಯ ಮುಂದೆ ಕುಳಿತವರು ಹಾಗೆ ಏಳುವುದುಂಟೇ? ಯಾರೂ ಏಳಲಿಲ್ಲ. ಸುಷ್ಮಿತಾ ಒಳಗೆ ಮಿಕ್ಸಿಯಲ್ಲಿ ರುಬ್ಬಿದ ಅನ್ನ ಬೇಳೆ ತಂದು ಎಲೆಯ ಮೇಲೆ ಬಟ್ಟಲಿಟ್ಟಳು. ಗುಡ್ಡಮ್ಮ ಬೆನ್ನು ನೆಟ್ಟಗೆ ಮಾಡಿದಳು. ಅರ್ಧ ಚಮಚ. ಗದ್ದ ಎದೆಗೆ. ನುಂಗು. ಮತ್ತೆ ನುಂಗು. ತಲೆ ಎತ್ತಿದಾಗಲೆಲ್ಲ ಅವಳ ಕಣ್ಣು ಎದುರು ಸಾಲಿಗೇ ಹೋಗುತ್ತಿತ್ತು.

ಉಳಿದವರ ಊಟ ಮುಗಿಯಿತು. ಎಲೆ ಮಡಿಸಲಾರದೆ, ಕೈ ತೊಳೆಯಲಾರದೆ ಕುಳಿತರು. ಬೆರಳ ಮೇಲಿನ ಸಾರು ಒಣಗಿ ಬಿಗಿಯಿತು. ಮುಂದಿನ ಪಂಕ್ತಿಯವರು ಬಾಗಿಲಲ್ಲಿ ನಿಂತು ಇಣುಕಿದರು, ಗೊಣಗಿದರು. ನಡುವೆ ಒಮ್ಮೆ ಗುಡ್ಡಮ್ಮನಿಗೆ ಕೆಮ್ಮು ಹತ್ತಿತು. ಕುತ್ತಿಗೆಯ ನರ ಉಬ್ಬಿ, ಕಣ್ಣು ಕೆಂಪಾದವು. ಸುಷ್ಮಿತಾ ಬೆನ್ನ ಹಿಂದೆ ಬಂದು ನಿಂತಳು, ಮುಟ್ಟಲಿಲ್ಲ. ಕೆಮ್ಮಿ ಕೆಮ್ಮಿ ಗಂಟಲು ತೆರವಾದ ಮೇಲೆ ಗುಡ್ಡಮ್ಮ ಮತ್ತೆ ಚಮಚ ಎತ್ತಿದಳು.

ಬಟ್ಟಲು ಬರಿದಾಯಿತು. ಪಂಕ್ತಿಯೆಲ್ಲ ಉಸಿರುಬಿಟ್ಟು ಏಳಲು ಮೊಣಕಾಲು ಮಡಿಸಿತು. ಆಗ ಗುಡ್ಡಮ್ಮ ಬಟ್ಟಲನ್ನು ಸೊಸೆಯ ಕಡೆ ನೀಡಿದಳು. "ಇನ್ನಷ್ಟು ಹಾಕು," ಎಂದಳು. ಎಲ್ಲರಿಗೂ ತಿಳಿಯುವಷ್ಟು ಸ್ಪಷ್ಟವಾಗಿತ್ತು.

ರಾಜೇಶ್ವರಮ್ಮ ಎದ್ದಳು. ಒಣಗಿದ ಕೈಯನ್ನು ಸೆರಗಿಗೆ ತಾಗದಂತೆ ಎತ್ತಿ ಹಿಡಿದು, ಎಲೆ ದಾಟಿ ಹೊರಗೆ ನಡೆದಳು. ಧರ್ಮಪ್ಪನ ಹೆಂಡತಿ ಹಿಂದೆ ಓಡಿಹೋಗಿ ಕರೆದರೂ ತಿರುಗಲಿಲ್ಲ. ಟೆಂಪೋಗೂ ಕಾಯದೆ ಸೊರಬದ ಬಸ್ಸು ಹತ್ತಿದಳು. ಗುಡ್ಡಮ್ಮ ಎರಡನೇ ಬಟ್ಟಲನ್ನೂ ಮುಗಿಸಿದಳು. ಅವಳ ಗೆಲುವಿಗೆ ಅಲ್ಲಿ ಖುಷಿಪಟ್ಟವರು ಯಾರೂ ಇರಲಿಲ್ಲ. ಪಕ್ಕದ ಹೆಂಗಸು ಕೈ ತೊಳೆಯುವಾಗ, "ಕಾಯಿಲೆ ಬಂದ್ರೂ ಬುದ್ಧಿ ಬರಲಿಲ್ಲ" ಎಂದಳು.

ವಾಪಸು ಬರುವಾಗ ಟೆಂಪೋದಲ್ಲಿ ಸುಷ್ಮಿತಾ ಅತ್ತೆಯ ಎದೆಯ ಸದ್ದು ಕೇಳುತ್ತ ಕುಳಿತಿದ್ದಳು. "ಹೊಟ್ಟಿ ತುಂಬಿತ್ತಲ್ಲ ಅತ್ತಿ. ಎರಡನೇ ಸಲ ಯಾಕ ಹಾಕಿಸ್ಕೊಂಡ್ರಿ? ಏನಾರ ಆಗಿದ್ರ?"

"ನೀನು ಸುಮ್ನೆ ಕೂರು," ಎಂದಳು ಗುಡ್ಡಮ್ಮ.

ಮೂರು ನಾಲ್ಕು ದಿನ ಸೊಸೆ ಅವಳ ಹಣೆ ಮುಟ್ಟಿ ನೋಡಿದಳು. ಜ್ವರ ಬರಲಿಲ್ಲ.

ಅದೆಲ್ಲ ಕಳೆದ ವರ್ಷದ ಮಾತು. ರಾಜೇಶ್ವರಮ್ಮ ಅಂಗಳದ ನಡುವೆ ಸಿಮೆಂಟು ಇಟ್ಟಿಗೆಯ ಗೋಡೆ ಎಬ್ಬಿಸಿದ್ದಾಳೆ. ಇಬ್ಬರಿಗೂ ಮಾತಿಲ್ಲ, ಇನ್ನು ಆಗುವಂತೆಯೂ ಇಲ್ಲ. ಕರೆಂಟ್ ತಾಗಿದ ಗಂಟಲು ವರ್ಷ ಕಳೆದ ಹಾಗೆ ಬಿಗಿಯುತ್ತದೆ, ವ್ಯಾಯಾಮ ಬಿಟ್ಟರೆ ಮತ್ತೆ ಪೈಪು ಎಂದು ಮಧುಶ್ರೀ ಪ್ರತಿ ಸಲ ಹೇಳುತ್ತಾಳೆ. ಗುಡ್ಡಮ್ಮ ಅವಳನ್ನು ಪ್ರತಿ ಸಲ ಬೈಯುತ್ತಾಳೆ; ಬೈದು ಮಾಡುತ್ತಾಳೆ. ಈಚೆಗೆ ಗಂಟಲು ಬಿಗಿದಿದೆ ಎಂಬುದು ಅವಳಿಗೆ ಗೊತ್ತು. ಯಾರಿಗೂ ಹೇಳಿಲ್ಲ. ಸುಷ್ಮಿತಾ ಮಾತ್ರ ಹೇಳದೆಯೇ ಅಂಬಲಿಯನ್ನು ಮೊದಲಿಗಿಂತ ನುಣ್ಣಗೆ ಸೋಸುತ್ತಿದ್ದಾಳೆ.

ಮೊನ್ನೆ ಮಧ್ಯಾಹ್ನ ಮರಿ ಕೊಳ್ಳಲು ವ್ಯಾಪಾರಿಯೊಬ್ಬ ಬಂದು ಗುಡ್ಡಮ್ಮನನ್ನು ಕೂಗಿದ. ಸುಷ್ಮಿತಾ ಬಾಗಿಲಿಗೆ ಅಡ್ಡ ನಿಂತಳು.

"ಅತ್ತಿ ಉಣ್ಣಾಕತ್ತಾರ. ಹೊರಗೇ ನಿಂದರ್ರಿ."

"ಒಂದು ಮಾತು ಕೇಳಿ ಹೋಗ್ತೀನಿ ತಾಯಿ."

"ಉಣ್ಣೋವಾಗ ಮಾತಾಡ್ಸಂಗಿಲ್ಲ ಅಂದೆ. ಕಿವಿ ಕೇಳಂಗಿಲ್ಲೇನು ನಿಮಗೆ?"

ವ್ಯಾಪಾರಿ ಚಪ್ಪಲಿ ಬಿಟ್ಟಲ್ಲೇ ಬಿಸಿಲಿನಲ್ಲಿ ಕುಳಿತ. ಒಳಗೆ ಗುಡ್ಡಮ್ಮ ಅಂಗಳದ ಗೋಡೆಯ ಕಡೆಗೆ ಮುಖ ಮಾಡಿ, ಗದ್ದ ತಗ್ಗಿಸಿ, ಮುಂದಿನ ಅರ್ಧ ಚಮಚ ನುಂಗಿದಳು.